ನೀರಿಗೇ ನೀರು ಬೆರೆಸಿ ಮಾರುತ್ತಾರೆ: ಭಾರಜಲ ಕೊಳ್ಳುವವರು ಓದಿ

ಹಾಲಿಗೆ ನೀರು ಬೆರೆಸುವವರನ್ನು ಎಲ್ಲರೂ ಕಂಡಿದ್ದೀರಿ. ನೀರಿಗೇ ನೀರು ಬೆರೆಸುವವರನ್ನು? ಭಾರಜಲ ಅಂದರೆ ಸಾದಾ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುವ ನೀರು. 25 ಮಿ.ಲೀ. ಬಾಟಲಿ, ಸೀಲ್ ಭದ್ರ, ಮೇಲೆ ದಪ್ಪಕ್ಷರದಲ್ಲಿ ‘ಭಾರಜಲ, ಶುದ್ಧತೆ 99.9%’. ದುಡ್ಡು ಮೊದಲೇ ಕೊಟ್ಟಾಗಿತ್ತು. ಒಳಗಿದ್ದದ್ದು ನೂರಕ್ಕೆ ನಲವತ್ತೊಂದು ಪಾಲು ಭಾರಜಲ. ಮಿಕ್ಕಿದ್ದೆಲ್ಲ ಸಾದಾ ನೀರು.

ಅನುಮಾನ ಬಂದದ್ದು, ಸ್ಯಾಂಪಲ್ ಅನ್ನು ಭಾರಜಲದಲ್ಲಿ ಕರಗಿಸಿ ಅದರ ಹೈಡ್ರೋಜನ್ ಸಿಗ್ನಲ್ ನೋಡುವ ಯಂತ್ರವಾದ ಎನ್‌ಎಂಆರ್‌ನಲ್ಲಿ. ಗ್ರಾಫಿನ 4.8 ಪಿಪಿಎಂ ಗುರುತಿನ ಹತ್ತಿರ, ಒಂದು ಹೈಡ್ರೋಜನ್ ಒಂದು ಡ್ಯೂಟೀರಿಯಂ ಇರುವ ನೀರಿನ, ಅಂದರೆ ಎಚ್‌ಒಡಿಯ ಪುಟ್ಟ ಮೊನೆ ಕಾಣಬೇಕಾದ ಕಡೆ ಗುಡ್ಡ ಎದ್ದಿತ್ತು, ಅಕ್ಕಪಕ್ಕದ ಸಿಗ್ನಲ್‌ಗಳು ಅದರ ಬುಡದಲ್ಲಿ ಹೂತುಹೋಗಿದ್ದವು. ಸ್ಯಾಂಪಲ್‌ನಲ್ಲೇ ತೇವ ಇತ್ತೇನೋ ಅಂತ ಬರೀ ಬಾಟಲಿಯ ನೀರನ್ನೇ ಹಾಕಿದರೂ ಅದೇ ಗುಡ್ಡ.

ಆಮೇಲೆ ತೂಕ. 10 ಮಿ.ಲೀ. ಫ್ಲಾಸ್ಕ್, 20 ಡಿಗ್ರಿ. ಅಪ್ಪಟ ಭಾರಜಲವಾದರೆ 11.05 ಗ್ರಾಂ, ಸಾದಾ ನೀರಾದರೆ 9.98. ತೋರಿಸಿದ್ದು 10.42. ಫ್ಲಾಸ್ಕ್ ಒಣಗಿಸಿ ಮತ್ತೆ ತೂಗಿದರೂ 10.42. ಲೆಕ್ಕ ಸುಲಭ: ಸಾದಾ ನೀರಿಗಿಂತ 0.44 ಹೆಚ್ಚು, ಇರಬೇಕಾದದ್ದು 1.07 ಹೆಚ್ಚು. ಭಾಗಿಸಿ ನೋಡಿ.

ಕೊನೆಗೆ ಒಂದಿಷ್ಟು ಹೆಪ್ಪುಗಟ್ಟಿಸಿ ಲೋಟದ ತಣ್ಣೀರಿಗೆ ಬಿಟ್ಟದ್ದಾಯಿತು. ಭಾರಜಲದ ಮಂಜುಗಡ್ಡೆಯ ಸಾಂದ್ರತೆ (ಒಂದು ಮಿ.ಲೀ.ಗೆ ಎಷ್ಟು ಗ್ರಾಂ) ಸುಮಾರು 1.017, ಸಾದಾ ನೀರಲ್ಲಿ ಕಲ್ಲಿನ ಹಾಗೆ ತಳ ಸೇರಬೇಕು. ಇದು ತೇಲಿತು. ಬೆರಳಲ್ಲಿ ಒತ್ತಿ ಬಿಟ್ಟರೆ ಮತ್ತೆ ಮೇಲೆ ಬಂತು. ಕಿವಿಗೆ ಹೂ ಇಟ್ಟಿದ್ದಾರೆ ಅಂತ ಮನಸ್ಸಿಗೆ ನಾಟಿದ್ದು ಆಗ.

ಇನ್ನು ಮಾರಿದವರ ಉತ್ತರಗಳನ್ನು ಕೇಳಿ.

“ಸೆಕೆಗೆ ಸಾಂದ್ರತೆ ಇಳಿದಿರುತ್ತೆ ಸಾರ್.” 20ರಿಂದ 30 ಡಿಗ್ರಿಗೆ ಏರಿದರೆ 1.105 ಇದ್ದದ್ದು 1.103 ಆಗುತ್ತದೆ. 1.042 ಆಗಲ್ಲ!

“ಮುಚ್ಚಳ ತೆಗೆದಿಟ್ಟಿದ್ದೀರಿ, ಗಾಳಿಯ ತೇವ ಎಳ್ಕೊಂಡಿದೆ.” ಇದರಲ್ಲಿ ಒಂದೆಳೆ ನಿಜ ಇರುವುದೇ ಇನ್ನಷ್ಟು ಸಿಟ್ಟು ತರಿಸುತ್ತದೆ. ಭಾರಜಲ ತೇವ ಹೀರುತ್ತದೆ, ಡ್ಯೂಟೀರಿಯಂ ಬಿಟ್ಟುಕೊಟ್ಟು ಪ್ರೋಟಿಯಂ (ಸಾದಾ ಹೈಡ್ರೋಜನ್) ಪಡೆಯುತ್ತದೆ. ಆದರೆ ಐದು ನಿಮಿಷ ತೆರೆದರೆ ಶುದ್ಧತೆ ದಶಮಾಂಶದಲ್ಲಿ ಇಳಿಯುತ್ತದೆ, ಅರ್ಧಕ್ಕರ್ಧ ಹಾರಿಹೋಗುವುದಿಲ್ಲ.

“ವಿಕಿರಣದ ವಸ್ತು, ವಾಪಸ್ ತಗೊಳ್ಳೋಕೆ ಬರಲ್ಲ.” ಡ್ಯೂಟೀರಿಯಂ ಸ್ಥಿರ ಐಸೊಟೋಪ್ ಸ್ವಾಮಿ, ವಿಕಿರಣ ಸೂಸುವುದು ಹೈಡ್ರೋಜನ್ನಿನ ಇನ್ನೊಂದು ರೂಪವಾದ ಟ್ರಿಷಿಯಂ. ಮಾರುವವರಿಗೇ ಎರಡರ ವ್ಯತ್ಯಾಸ ಗೊತ್ತಿಲ್ಲ, ಅಥವಾ ನಮಗೆ ಗೊತ್ತಿರಲ್ಲ ಅಂದುಕೊಂಡಿದ್ದಾರೆ.

ಕೊನೆಯದು ಕೇಳಿ ಬಾಯಿ ಕಟ್ಟಿತು. “ಶುದ್ಧತೆ 99.9 ಅಂತ ತಾನೇ ಬರೆದಿರೋದು? ಡ್ಯೂಟೀರಿಯಂ ಅಷ್ಟಿದೆ ಅಂತ ಎಲ್ಲಿ ಬರೆದಿದ್ದೀವಿ?” ಎಲ್ಲೂ ಬರೆದಿಲ್ಲ. ಪರೀಕ್ಷಾ ಪತ್ರದಲ್ಲಿ ಪಿಎಚ್ ಇದೆ, ವಾಹಕತೆ ಇದೆ, ಡ್ಯೂಟೀರಿಯಂನ ಪರಮಾಣು ಶೇಕಡಾ (ನೂರು ಹೈಡ್ರೋಜನ್ ಪರಮಾಣುಗಳಲ್ಲಿ ಎಷ್ಟು ಡ್ಯೂಟೀರಿಯಂ ಅನ್ನುವುದು) ಇಲ್ಲ, ಬ್ಯಾಚ್ ಸಂಖ್ಯೆಯೂ ಇಲ್ಲ. ಭಟ್ಟಿ ಇಳಿಸಿದ ಸಾದಾ ನೀರೂ 99.9 ಶುದ್ಧವೇ. ಅದರಲ್ಲೂ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯೂಟೀರಿಯಂ ಇರುತ್ತದೆ, ಅದನ್ನೂ ಇವರು ಭಾರಜಲ ಅಂತ ಮಾರಿಯಾರು. ಅಷ್ಟು ದೊಡ್ಡ ಅಕ್ಷರ ಕಣ್ಣೆದುರೇ ಇತ್ತು, ಓದಿಯೂ ಓದಲಿಲ್ಲ.

ಕೊಳ್ಳುವ ಮೊದಲು ಕೇಳುವುದು ಒಂದೇ: ಡ್ಯೂಟೀರಿಯಂ ಎಷ್ಟು ಪರಮಾಣು ಶೇಕಡಾ, ಯಾವ ಬ್ಯಾಚ್? ಬರಹದಲ್ಲಿ ಕೊಡದಿದ್ದರೆ ಬಿಟ್ಟುಬಿಡಿ. ಬಾಟಲಿ ಬಂದ ದಿನವೇ ತೂಗಿ, ಬಳಸಿದ ಮೇಲೆ ಜಗಳಕ್ಕೆ ಬಲ ಇರುವುದಿಲ್ಲ. ತೂಕ ಒಂದನ್ನೇ ನಂಬಬೇಡಿ. ಸಾದಾ ನೀರಿಗೆ ಶೇಕಡಾ 14-15ರಷ್ಟು ಉಪ್ಪು ಕರಗಿಸಿದರೂ 1.10 ಬರುತ್ತದೆ. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಒಣಗಿಸಿ, ಬಿಳಿ ಕಲೆ ಉಳಿದರೆ ಉಪ್ಪು. ಅಪ್ಪಟ ಭಾರಜಲ 3.8 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಉಪ್ಪುನೀರು ಸೊನ್ನೆಗೂ ಜಗ್ಗುವುದಿಲ್ಲ. ನಮ್ಮ ಬಾಟಲಿಯ ಹನಿ ಒಣಗಿದಾಗ ಸ್ಲೈಡ್ ಮೇಲೆ ಏನೂ ಉಳಿಯಲಿಲ್ಲ. ಉಪ್ಪು ಹಾಕುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ ಪುಣ್ಯಾತ್ಮರು.