ನಾಲ್ಕು ಮಳೆಗಾಲ ದಾಟಿದ ಲಿಬ್ರೆಎನ್‌ಎಂಎಸ್

ಉಡುಪಿಯ ಒಂದು ಸಹಕಾರಿ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕಾಪು, ಬ್ರಹ್ಮಾವರ, ಹೆಬ್ರಿ ಎಲ್ಲ ಸೇರಿ ಒಂಬತ್ತು ಶಾಖೆ. ನೆಟ್‌ವರ್ಕಿನ ಮೇಲೆ ಕಣ್ಣಿಡುವ ಲಿಬ್ರೆಎನ್‌ಎಂಎಸ್ ಎಂಬ ಸಾಫ್ಟ್‌ವೇರ್ ಹಾಕಿ ನಾಲ್ಕು ಮಳೆಗಾಲ ಕಳೆಯಿತು. ದುಡ್ಡು ಕೊಡಬೇಕಾಗಿಲ್ಲ. ಆಫೀಸಿನಲ್ಲಿ ಸುಮ್ನೆ ಬಿದ್ದಿದ್ದ ಹಳೆ ಕಂಪ್ಯೂಟರಿನಲ್ಲೇ ಓಡುತ್ತಿದೆ.

ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಜೊತೆ ಮಾತಾಡುವ ಒಂದು ಪದ್ಧತಿ) ಮೂಲಕ ಇದು 5 ನಿಮಿಷಕ್ಕೊಮ್ಮೆ ಪ್ರತಿ ರೂಟರ್, ಸ್ವಿಚ್, ಯುಪಿಎಸ್ ಹತ್ತಿರ ಲೆಕ್ಕ ಕೇಳುತ್ತದೆ. ಯಾವ ಪೋರ್ಟಿನಲ್ಲಿ ಎಷ್ಟು ಡೇಟಾ ಹೋಯಿತು, ಎಷ್ಟು ಎರರ್ ಬಂತು, ಎಲ್ಲವೂ ಗ್ರಾಫ್ ಆಗಿ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರ ಆದದ್ದು ಯುಪಿಎಸ್ ಲೆಕ್ಕದಿಂದ. (ಯುಪಿಎಸ್‌ಗೆ ನೆಟ್‌ವರ್ಕ್ ಕಾರ್ಡ್ ಬೇಕು, ಅದರ ಖರ್ಚು ಬೇರೆ.) ಮೇ ತಿಂಗಳ ಗುಡುಗು ಶುರುವಾದರೆ ಹೆಬ್ರಿ ಲಿಂಕ್ ಹೋಗುವುದು ಮಾಮೂಲು. ಕರೆಂಟ್ ಹೋಯಿತೋ, ಕೇಬಲ್ ಮೇಲೆ ಮರ ಬಿತ್ತೋ? ರಾತ್ರಿ ಶಾಖೆಯಲ್ಲಿ ಫೋನ್ ಎತ್ತುವವರು ಇರುವುದಿಲ್ಲ ಅಲ್ವಾ? ಈಗ ಲಿಂಕ್ ಹೋಗುವ ಮುಂಚಿನ ಕೊನೆಯ ಲೆಕ್ಕ ನೋಡುತ್ತೇನೆ. ಯುಪಿಎಸ್ ಬ್ಯಾಟರಿ ಇಳಿಯುತ್ತಾ ಬಂದಿದ್ದರೆ ಕರೆಂಟಿನದೇ ತೊಂದರೆ, ಕಾಯಬೇಕು. ಬ್ಯಾಟರಿ ತುಂಬಿದ್ದಾಗಲೇ ಸುದ್ದಿ ನಿಂತರೆ ಕೇಬಲ್ ಮೇಲೆ ಅನುಮಾನ. ಒಮ್ಮೆ ಇಂಟರ್ನೆಟ್ ಕೊಡುವವರು "ನಿಮ್ಮಲ್ಲೇ ಕರೆಂಟ್ ಇಲ್ಲ ಮಾರಾಯ್ರೆ" ಎಂದರು. ಗ್ರಾಫ್ ಕಳಿಸಿದೆ. ಮತ್ತೆ ವಾದ ಮಾಡಲಿಲ್ಲ, ಬೆಳಿಗ್ಗೆಯೇ ಜನ ಕಳಿಸಿದರು.

ಸಾಧನ ತಾನಾಗಿ ಕಳಿಸುವ ಸುದ್ದಿಗೆ ಟ್ರ್ಯಾಪ್ ಎನ್ನುತ್ತಾರೆ. ಅದೊಂದನ್ನೇ ನಂಬಬೇಡಿ. ಅದು ಯುಡಿಪಿ ಎಂಬ ಸರಳ ರವಾನೆ ಪದ್ಧತಿಯಲ್ಲಿ ಹೋಗುತ್ತದೆ, ತಲುಪಿತೋ ಇಲ್ಲವೋ ಎಂದು ತಿರುಗಿ ನೋಡುವುದಿಲ್ಲ. ಲಿಂಕೇ ಹೋದಾಗ ಕಳಿಸಿದ್ದು ಬರುವುದಾದರೂ ಹೇಗೆ?

ಹಾಕುವಾಗ ಒಂದು ವಿಷಯ ನೋಡಿ ಗಾಬರಿಯಾಗಿತ್ತು. ಹಿಂದೆ ಸ್ವಿಚ್ ಕೂರಿಸಿದವರು ಎಲ್ಲದರಲ್ಲೂ ಕಮ್ಯುನಿಟಿ ಹೆಸರನ್ನು (ಲೆಕ್ಕ ಕೇಳಲು ಬೇಕಾದ ಪಾಸ್‌ವರ್ಡ್ ಇದ್ದ ಹಾಗೆ) ಎಲ್ಲರಿಗೂ ಗೊತ್ತಿರುವ "ಪಬ್ಲಿಕ್" ಎಂದೇ ಬಿಟ್ಟಿದ್ದರು. ಎಸ್‌ಎನ್‌ಎಂಪಿಯ 2ಸಿ ಆವೃತ್ತಿಯಲ್ಲಿ ಈ ಹೆಸರು ತೆರೆದ ಅಂಚೆ ಕಾರ್ಡಿನ ಹಾಗೆ ಹೋಗುತ್ತದೆ. ದುಡ್ಡಿನ ವ್ಯವಹಾರ ಇರುವ ಜಾಗ ಇದು. ಆಗುವಲ್ಲೆಲ್ಲ 3ನೇ ಆವೃತ್ತಿಗೆ ಬದಲಿಸಿ, ಪಾಸ್‌ವರ್ಡ್ ಮತ್ತು ಎನ್‌ಕ್ರಿಪ್ಷನ್ ಎರಡನ್ನೂ ಹಾಕಿದೆ.

ಕೊರತೆಯೂ ಉಂಟು. ಹಳೆಯ ದಿನಗಳ ಲೆಕ್ಕವನ್ನು ಸರಾಸರಿ ಮಾಡಿ ಇಡುತ್ತದೆ, ಹಾಗಾಗಿ ಹೋದ ವರ್ಷದ ಒಂದು ಗಂಟೆಯ ಏರಿಳಿತ ಈಗ ಸರಿಯಾಗಿ ಕಾಣುವುದಿಲ್ಲ. ಬ್ರಹ್ಮಾವರದ ಹಳೆ ಸ್ವಿಚ್‌ಗೆ 1ನೇ ಆವೃತ್ತಿ ಮಾತ್ರ ಗೊತ್ತು. ಡೇಟಾ ಎಣಿಸುವ ಅದರ ಕೌಂಟರ್ 32 ಬಿಟ್, ಬೇಗ ತುಂಬಿಹೋಗುತ್ತದೆ. ಗಿಗಾಬಿಟ್ ಪೋರ್ಟ್ ಪೂರ್ತಿ ತುಂಬಿ ಓಡಿದರೆ ಸುಮಾರು 34 ಸೆಕೆಂಡಿಗೆ ಮತ್ತೆ ಸೊನ್ನೆ. 5 ನಿಮಿಷ ಬಿಟ್ಟು ನೋಡಿದರೆ ಎಷ್ಟು ಸುತ್ತು ತಿರುಗಿತೆಂದು ಹೇಗೆ ಗೊತ್ತಾಗಬೇಕು? ಮಳೆಗೆ ಮೊದಲು ಅದನ್ನು ಬದಲಿಸಿಕೊಡಿ ಎಂದು ಕೇಳಿದ್ದೇನೆ.