ಪ್ರೇಮಕಥೆಗೆಂದೇ ಆರು ಭಾನುವಾರ: ಮೈಸೂರಿನ ಕಥಾ ಕಮ್ಮಟವೊಂದರ ವಿಮರ್ಶೆ

ಪತ್ರಿಕೆಗಳಿಗೆ ಸಣ್ಣ ಪ್ರೇಮಕಥೆ ಬರೆಯುವುದು ಹೇಗೆ ಎಂಬುದೊಂದನ್ನೇ ವಿಷಯವಾಗಿಟ್ಟುಕೊಂಡ ಕಮ್ಮಟವೊಂದು ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಮನೆಯ ಮಹಡಿಯ ಹಜಾರದಲ್ಲಿ, ಆರು ಭಾನುವಾರ ನಡೆಯಿತು. ನಾನು ಪ್ರತಿ ವಾರ ಮಂಡ್ಯದಿಂದ ರೈಲಿನಲ್ಲಿ ಬಂದು ಆರೂ ತರಗತಿಗಳಿಗೆ ಹಾಜರಾದೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಪಾಠ, ನಡುವೆ ಒಂದು ಲೋಟ ಕಾಫಿ, ಶುಲ್ಕ 3,600 ರೂಪಾಯಿ. ಸೇರಿದ್ದವರು 14 ಮಂದಿ. ಮದ್ದೂರಿನ ಕಾಲೇಜು ಉಪನ್ಯಾಸಕರೊಬ್ಬರು, ಶ್ರೀರಂಗಪಟ್ಟಣದಿಂದ ಬರುತ್ತಿದ್ದ ನಿವೃತ್ತ ಬ್ಯಾಂಕ್ ನೌಕರರು, ನರ್ಸಿಂಗ್ ಓದುತ್ತಿರುವ ಹುಡುಗಿ, ಇಬ್ಬರು ಗೃಹಿಣಿಯರು, ಹೀಗೆ ಬೇರೆ ಬೇರೆ ವಯಸ್ಸಿನವರಿದ್ದರು. ಕಲಿಸಿದವರು ವಾರಪತ್ರಿಕೆಯೊಂದರ ಕಥಾವಿಭಾಗದಲ್ಲಿ ಬಹುಕಾಲ ಉಪಸಂಪಾದಕಿಯಾಗಿದ್ದು ನಿವೃತ್ತರಾದವರು. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಈ ಕಮ್ಮಟಕ್ಕೆ ನಾನು ಆಸೆಪಟ್ಟು ಸೇರಿದ್ದಕ್ಕೆ ಕಾರಣವಿದೆ. ಹಿಂದೆ ಹೋಗಿದ್ದ ಎರಡು ಕಥಾ ಶಿಬಿರಗಳಲ್ಲಿ ಪ್ರೇಮಕಥೆಯೆಂದರೆ ಎಲ್ಲರೂ ಮೂಗು ಮುರಿಯುತ್ತಿದ್ದರು. 1965ರಲ್ಲಿ ಆರಂಭವಾದ ‘ಸುಧಾ’, 1968ರಲ್ಲಿ ಬಂದ ‘ಮಯೂರ’ದಂತಹ ಪತ್ರಿಕೆಗಳ ಪುಟಗಳಲ್ಲಿ ಕಥೆ ಓದುತ್ತಲೇ ನಮ್ಮ ಮನೆಯ ಹೆಂಗಸರು ಓದುಗರಾದರು. ನನ್ನ ಅಜ್ಜಿ ವಾರಪತ್ರಿಕೆ ಬಂದ ದಿನ ಒಲೆಯ ಮುಂದೆ ಕೂತೇ ಕಥೆಯನ್ನು ಓದಿ ಮುಗಿಸುತ್ತಿದ್ದರು. ಅಂತಹ ಕಥೆಯನ್ನು ಕಟ್ಟುವುದಕ್ಕೆ ಒಂದು ಕಸುಬುಗಾರಿಕೆ ಬೇಕು, ಅದನ್ನು ಕೂತು ಕಲಿಯಬಹುದು ಎಂದು ನಂಬಿ ಕಲಿಸುವವರು ಸಿಗುವುದು ಅಪರೂಪ. ಈ ಮೇಡಂ ಅದನ್ನು ನಂಬಿದ್ದರು, ಮತ್ತು ಅವರ ನಂಬಿಕೆ ಮೊದಲ ಅರ್ಧ ಗಂಟೆಯಲ್ಲಿಯೇ ನಮಗೆ ಗೊತ್ತಾಯಿತು.

ಮೊದಲ ತರಗತಿಯಲ್ಲಿ ಅವರು ಯಾರ ಕಥೆಯನ್ನೂ ಪೂರ್ತಿ ಓದಲಿಲ್ಲ. ಪ್ರತಿಯೊಬ್ಬರ ಹಸ್ತಪ್ರತಿಯನ್ನು ಕೈಗೆತ್ತಿಕೊಂಡು, ಕಥೆ ನಿಜವಾಗಿ ಎಲ್ಲಿಂದ ಶುರುವಾಗುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದು ಹಿಂದಿರುಗಿಸಿದರು. ಮದ್ದೂರಿನ ಉಪನ್ಯಾಸಕರ ಕಥೆ ಮಳೆಗಾಲದ ಮುಂಜಾವಿನಿಂದ ಆರಂಭವಾಗಿ, ರೈಲು ನಿಲ್ದಾಣದ ಪ್ಲಾಟ್‌ಫಾರಂ, ಕಬ್ಬಿನ ಗದ್ದೆ, ನಾಯಕನ ಬಾಲ್ಯ, ಅವನ ಅಪ್ಪನ ಸಾಲ ಇವನ್ನೆಲ್ಲ ದಾಟಿ ಎರಡನೆಯ ಪುಟದ ಕೊನೆಗೆ ಬರುತ್ತಿತ್ತು. ಮೇಡಂ ಎಳೆದ ಗೆರೆ ಬಿದ್ದದ್ದು ಈ ಸಾಲಿನ ಮೇಲೆ: “‘ಈ ಸೀಟು ಖಾಲಿ ಇದೆಯಾ?’ ಎಂದು ಆಕೆ ಕೇಳಿದಾಗ ಅವನ ಬಾಯ ತುಂಬ ವಡೆ ಇತ್ತು.” ಇಬ್ಬರು ವ್ಯಕ್ತಿಗಳು, ಒಂದು ಜಾಗ, ಉತ್ತರ ಕೊಡಲಾಗದ ಒಂದು ಮುಜುಗರ, ಎಲ್ಲವೂ ಆ ಒಂದೇ ವಾಕ್ಯದಲ್ಲಿವೆ. ಮೇಲಿನದೆಲ್ಲ ಬರೆಯುವವರು ತಮ್ಮನ್ನು ತಾವು ಕಥೆಗೆ ಸಿದ್ಧಪಡಿಸಿಕೊಂಡ ಬರಹ, ಓದುಗರಿಗೆ ಅದು ಬೇಕಿಲ್ಲ ಎಂದರು. ಉಪನ್ಯಾಸಕರು ಅಪ್ಪನ ಸಾಲವನ್ನು ಬಿಡಲು ಒಪ್ಪಲಿಲ್ಲ. ಹಾಗಾದರೆ ಅದು ಅವರಿಬ್ಬರ ಮಾತಿನಲ್ಲಿ ಬರಲಿ, ಅವಳು ಚಹಾ ಕೊಡಿಸಲು ಮುಂದಾದಾಗ ಇವನು ಬೇಡವೆನ್ನುವ ರೀತಿಯಲ್ಲಿ ಬರಲಿ ಎಂದು ಮೇಡಂ ಹೇಳಿದ್ದು ನನಗೆ ಆ ದಿನದ ದೊಡ್ಡ ಪಾಠ. ನನ್ನ ಹಸ್ತಪ್ರತಿಯಲ್ಲಿ ಗೆರೆ ಮೂರನೆಯ ಪುಟದಲ್ಲಿತ್ತು.

ಎರಡನೆಯ ವಾರ ತೊಡಕಿನ ವಿಚಾರ. ಪ್ರೇಮಕಥೆಯಲ್ಲಿ ಇಬ್ಬರ ನಡುವೆ ಏನೋ ಒಂದು ಅಡ್ಡ ನಿಂತಿರಬೇಕು, ಇಲ್ಲವಾದರೆ ಹೇಳಲು ಕಥೆಯೇ ಇರುವುದಿಲ್ಲ. ಆದರೆ ಒಂದು ಫೋನ್ ಕರೆಯಿಂದ ಬಗೆಹರಿಯುವುದು ತೊಡಕೇ ಅಲ್ಲ ಎಂಬುದು ಮೇಡಂ ಅವರ ನಿಲುವು. ನಮ್ಮ 14 ಕಥೆಗಳಲ್ಲಿ ಆರರಲ್ಲಿ, ನಾಯಕಿಯು ನಾಯಕನನ್ನು ಇನ್ನೊಬ್ಬ ಹುಡುಗಿಯ ಜೊತೆ ನೋಡಿ ದೂರವಾಗುತ್ತಾಳೆ, ಕೊನೆಗೆ ಆ ಹುಡುಗಿ ಅವನ ತಂಗಿ ಎಂದು ತಿಳಿಯುತ್ತದೆ. ಆಗ ಓದುಗರಿಗೆ ಉಳಿಯುವುದು ಇಷ್ಟು ಸಣ್ಣ ವಿಷಯವನ್ನು ಕೇಳಬಾರದಿತ್ತೇ ಎಂಬ ಬೇಸರ ಮಾತ್ರ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಸರಿಯಾಗಿಯೇ ಇರಬೇಕು, ಆದರೂ ಒಬ್ಬರು ಬಯಸುವುದು ಇನ್ನೊಬ್ಬರ ಬಯಕೆಗೆ ಅಡ್ಡ ಬರಬೇಕು. ಪಾರ್ಶ್ವವಾಯುವಿನಿಂದ ಮಲಗಿರುವ ತಂದೆಯನ್ನು ಬಿಟ್ಟು ಹೋಗಲಾರದ ಮಗಳು, ಪುಣೆಯಲ್ಲಿ ಕೆಲಸ ಸಿಕ್ಕು ಮೊದಲ ಸಲ ತನ್ನ ಕಾಲ ಮೇಲೆ ನಿಲ್ಲುವ ಅವಕಾಶ ಪಡೆದ ಹುಡುಗ: ಇಲ್ಲಿ ಯಾರನ್ನು ತಪ್ಪೆನ್ನಲು ಸಾಧ್ಯ?

ಇದೇ ಪಾಠದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಮಾತೂ ಇತ್ತು. ಜಾತಿಯ ಕಾರಣಕ್ಕೆ, ಹಿರಿಯರ ವಿರೋಧದ ಕಾರಣಕ್ಕೆ ದೂರವಾಗುವ ಜೋಡಿಯನ್ನು ಸಣ್ಣ ಪ್ರೇಮಕಥೆಗೆ ತರಬೇಡಿ, ಅಷ್ಟು ಚಿಕ್ಕ ಜಾಗದಲ್ಲಿ ಹಿರಿಯರು ಬರೀ ಗೋಡೆಯಾಗಿ ನಿಲ್ಲುತ್ತಾರೆ ಎಂದು ಮೇಡಂ ಹೇಳಿದರು. ಗೋಡೆಯ ಮಾತು ನಿಜ. ಆದರೆ ನಮ್ಮ ಹಳ್ಳಿಗಳಲ್ಲಿ ಪ್ರೀತಿಸಿದವರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವುದು ಅದೇ. ಅದನ್ನು ಬಿಟ್ಟರೆ ಕಥೆ ಎಲ್ಲಿಯೂ ನಡೆಯದ ಕಥೆಯಾಗುತ್ತದೆ. ಆ ವಿರೋಧವು ಪ್ರೇಮಿಗಳಲ್ಲಿ ಒಬ್ಬರ ಒಳಗೇ ಮನೆ ಮಾಡಿರುವಂತೆ, ಅಂದರೆ ಅವಳನ್ನು ಪ್ರೀತಿಸುತ್ತಲೇ ತನ್ನ ಮನೆಯ ತಟ್ಟೆಯಲ್ಲಿ ಅವಳಿಗೆ ಬಡಿಸುವಾಗ ಅವನ ಕೈ ಒಂದು ಕ್ಷಣ ತಡೆಯುವಂತೆ ಬರೆದರೆ ಹೇಗೆ ಎಂದು ನಾನು ಕೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ನೀವು ಬರೆದು ತನ್ನಿ, ಆಮೇಲೆ ಮಾತಾಡೋಣ” ಎಂದರು. ವಿದ್ಯಾರ್ಥಿಯ ಮಾತನ್ನು ತಳ್ಳಿಹಾಕದೆ ಹೀಗೆ ಕೆಲಸಕ್ಕೆ ಹಚ್ಚುವ ಗುಣವನ್ನು ನಾನು ಮನಸಾರೆ ಮೆಚ್ಚಿದೆ.

ಇಡೀ ಕಮ್ಮಟದಲ್ಲಿ ಕೊಟ್ಟ ಹಣಕ್ಕೆ ಮಿಗಿಲಾದದ್ದು ಮೂರನೆಯ ಭಾನುವಾರ. ಆ ದಿನ ನಮ್ಮನ್ನು ದೇವರಾಜ ಮಾರುಕಟ್ಟೆಗೆ ಕಳಿಸಿ, ಒಂದು ಗಂಟೆ ಹೂವಿನ ಸಾಲಿನಲ್ಲಿ ಸುಮ್ಮನೆ ನಿಂತು ನೋಡಿಬಂದು, ಇಬ್ಬರು ಹೂ ಕೊಳ್ಳುವ ಒಂದು ಪುಟದ ದೃಶ್ಯ ಬರೆಯಿರಿ ಎಂದರು. ಷರತ್ತು ಒಂದೇ: ಪ್ರೀತಿ, ಪ್ರೇಮ, ಒಲವು, ಹೃದಯ ಈ ನಾಲ್ಕು ಪದಗಳು ಬರಕೂಡದು. ನರ್ಸಿಂಗ್ ವಿದ್ಯಾರ್ಥಿನಿ ಬರೆದದ್ದು ಹೀಗಿತ್ತು. ಅವನು ಕೇಳುತ್ತಾನೆ, “ಎಷ್ಟು ಮೊಳ ಬೇಕು ನಿಮಗೆ?” ಅವಳು ಹೇಳುತ್ತಾಳೆ, “ಒಂದು ಸಾಕು. ಎರಡಾದರೆ ಮನೇಲಿ ಕೇಳ್ತಾರೆ.” ಹೂವಿನಾಕೆ ತನ್ನ ಮೊಳಕೈಯಲ್ಲಿ ಅಳೆದು, ನಾಲ್ಕು ಬೆರಳಿನಷ್ಟು ಕೊಸರು ಬಿಟ್ಟು ದಾರ ಕತ್ತರಿಸುತ್ತಾಳೆ. ಅವಳು ಮುಡಿಯುವುದಿಲ್ಲ, ಎಲೆಯಲ್ಲಿ ಸುತ್ತಿಸಿ ಚೀಲದ ತಳದಲ್ಲಿ, ಟಿಫಿನ್ ಡಬ್ಬಿಯ ಕೆಳಗೆ ಇಟ್ಟುಕೊಳ್ಳುತ್ತಾಳೆ. ಮಾರುಕಟ್ಟೆಯ ಬಾಗಿಲು ದಾಟುವಾಗ ಅವನು, “ನಾಳೆ ಬಾ” ಎನ್ನುತ್ತಾನೆ. ಅವಳು ಹಿಂತಿರುಗಿ ನೋಡುತ್ತಾಳೆ. ಅಲ್ಲಿಗೆ ಮುಗಿಯಿತು.

ತರಗತಿಯಲ್ಲಿ ಇದನ್ನು ಓದಿದಾಗ ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಮೇಡಂ ಆ ದೃಶ್ಯವನ್ನು ಒಂದೊಂದೇ ಎಳೆಯಾಗಿ ಬಿಡಿಸಿದರು. “ಮನೇಲಿ ಕೇಳ್ತಾರೆ” ಎಂಬ ಎರಡು ಪದಗಳಲ್ಲಿ ಅಡ್ಡ ನಿಂತವರೆಲ್ಲ ಬಂದುಬಿಟ್ಟಿದ್ದಾರೆ. ಮುಡಿಯಲೆಂದು ಕೊಂಡ ಹೂವನ್ನು ಬಚ್ಚಿಡುವುದರಲ್ಲಿ ಅವಳ ಆಸೆ, ಭಯ ಎರಡೂ ಇವೆ. ಎಲ್ಲಕ್ಕಿಂತ ಮುಖ್ಯವಾದದ್ದು ಆ “ಬಾ”. ಆರಂಭದಲ್ಲಿ “ನಿಮಗೆ” ಎಂದವನು ಕೊನೆಯಲ್ಲಿ “ಬನ್ನಿ” ಎನ್ನದೆ “ಬಾ” ಎಂದಿದ್ದಾನೆ. ‘ನೀವು’ ಇದ್ದದ್ದು ‘ನೀನು’ ಆಗುವ ಗಳಿಗೆಯೇ ಕನ್ನಡದ ಪ್ರೇಮಕಥೆಯ ತಿರುವು, ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಂದು ಈ ಅನುಕೂಲವಿಲ್ಲ, ನಾವು ಇದನ್ನು ಗಮನಿಸದೆ ಪೋಲು ಮಾಡುತ್ತಿದ್ದೇವೆ ಎಂದರು. ನಾನು ನನ್ನ ಹಳೆಯ ಕಥೆಗಳನ್ನು ತೆಗೆದು ನೋಡಿದೆ. ಮೊದಲ ಭೇಟಿಯಲ್ಲೇ ಎಲ್ಲರೂ ಏಕವಚನದಲ್ಲಿ ಮಾತಾಡುತ್ತಿದ್ದರು. ಆ ಸಣ್ಣ ದಾಟುವಿಕೆಯನ್ನು ಯಾರು ಮೊದಲು ಮಾಡುತ್ತಾರೆ, ಇನ್ನೊಬ್ಬರು ಅದೇ ಏಕವಚನದಲ್ಲಿ ಉತ್ತರಿಸುತ್ತಾರೋ ಅಥವಾ ಬಹುವಚನದಲ್ಲೇ ಉಳಿದು ತಮ್ಮ ಅಂತರ ಕಾಯ್ದುಕೊಳ್ಳುತ್ತಾರೋ ಎಂಬುದರಲ್ಲಿಯೇ ಅರ್ಧ ಕಥೆ ಇರುತ್ತದೆ. ಮಂಡ್ಯ ಕಡೆಯ ಮಾತಿನಲ್ಲಂತೂ ‘ಕಣ್ರೀ’ ಎಂಬುದು ‘ಕಣೋ’ ಆಗುವುದಕ್ಕೆ, ‘ಕಣೇ’ ಆಗುವುದಕ್ಕೆ ಎಷ್ಟೋ ದಿನ ಹಿಡಿಯುತ್ತದೆ.

ನಾಲ್ಕನೆಯ ತರಗತಿ ಉದ್ದ ಮತ್ತು ಮುಕ್ತಾಯಕ್ಕೆ ಮೀಸಲಾಗಿತ್ತು. ಸ್ಕಾಟ್ಲೆಂಡಿನ ಡಂಡೀ ನಗರದಿಂದ 1869ರಲ್ಲಿ ಆರಂಭವಾದ ‘ದ ಪೀಪಲ್ಸ್ ಫ್ರೆಂಡ್’ ಇಂದಿಗೂ ವಾರವಾರ ಇಂತಹ ಕಥೆಗಳನ್ನು ಅಚ್ಚು ಹಾಕುತ್ತಿದೆ ಎಂಬುದನ್ನೂ, ಅಮೆರಿಕದ ‘ವುಮನ್ಸ್ ವರ್ಲ್ಡ್’ ವಾರಪತ್ರಿಕೆಯು ಬಹುಕಾಲ 800 ಪದಗಳ ಪ್ರೇಮಕಥೆಯನ್ನು ಪ್ರಕಟಿಸಿದ್ದನ್ನೂ ತಿಳಿಸಿ, ನಮ್ಮಿಂದಲೂ 800 ಪದಗಳ ಕಥೆ ಬರೆಸಿದರು. ಕನ್ನಡದಲ್ಲಿ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಪದಗಳಲ್ಲಿ ನಾವು ಹೆಚ್ಚು ಹೇಳಬಹುದು. ಆದರೂ ಎರಡಕ್ಕಿಂತ ಹೆಚ್ಚು ಪಾತ್ರಗಳಿಗೆ ಹೆಸರಿಡಲು ಜಾಗ ಸಾಲುವುದಿಲ್ಲ ಎಂಬುದು ಬರೆದು ನೋಡಿದಾಗಲೇ ಗೊತ್ತಾದದ್ದು. ಮುಕ್ತಾಯದ ಬಗ್ಗೆ ಅವರು ಹೇಳಿದ್ದು ನನ್ನ ಮನಸ್ಸಿಗೆ ಬಹಳ ಹತ್ತಿರವಾಯಿತು. ಪತ್ರಿಕೆಯ ಓದುಗರು ನೆಮ್ಮದಿಯ ಕೊನೆಯನ್ನು ಬಯಸುತ್ತಾರೆ, ಆದರೆ ನೆಮ್ಮದಿಯೆಂದರೆ ಮದುವೆಯ ಮಂಟಪವೆಂದೇ ಅಲ್ಲ. ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದಾಗ ಅದರ ಒಲವು ಬಹುಮಟ್ಟಿಗೆ ಗಂಡ ಹೆಂಡಿರ ಒಲವೇ ಆಗಿತ್ತು. ಈ ಸೀಮೆಯವರಾದ ನಾವೇ ತಾಳಿ ಕಟ್ಟಿದೊಡನೆ ಕಥೆ ಮುಗಿಸುವುದೇಕೆ ಎಂಬ ಅವರ ಪ್ರಶ್ನೆಗೆ ಶ್ರೀರಂಗಪಟ್ಟಣದ ಹಿರಿಯರು ಮುಂದಿನ ವಾರವೇ ಒಂದು ಕಥೆಯಿಂದ ಉತ್ತರ ಕೊಟ್ಟರು. ನಲವತ್ತು ವರ್ಷ ದಾಂಪತ್ಯ ನಡೆಸಿದ ಗಂಡ, ಹೆಂಡತಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಅವಳಿಗೆ ವಾರಪತ್ರಿಕೆ ಓದಿ ಹೇಳುತ್ತಾ, ಬೇಕೆಂದೇ ಕಥೆಯ ಕೊನೆಯನ್ನು ಬದಲಾಯಿಸುತ್ತಾನೆ. ಅದು ಅವಳಿಗೆ ಗೊತ್ತಾಗಿಯೂ ಸುಮ್ಮನಿರುತ್ತಾಳೆ. ಈ ಕಮ್ಮಟದಿಂದ ಹೊರಬಂದ ಅತ್ಯುತ್ತಮ ಕಥೆ ಅದೇ ಎಂದು ನನ್ನ ಅಭಿಪ್ರಾಯ.

ಕೊನೆಯ ಎರಡು ವಾರಗಳು ಈ ಮಟ್ಟದಲ್ಲಿರಲಿಲ್ಲ ಎಂದು ಹೇಳಲೇಬೇಕು. ಪತ್ರಿಕೆಗೆ ಕಥೆ ಕಳಿಸುವ ವಿಧಾನಕ್ಕೆ ಒಂದು ಪೂರ್ಣ ತರಗತಿ ಇರುತ್ತದೆ ಎಂದು ಹೇಳಿದ್ದರು, ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಒಂದೇ ಕಥೆಯನ್ನು ಒಂದೇ ಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸಬಾರದು, ಯುಗಾದಿ ಮತ್ತು ದೀಪಾವಳಿ ವಿಶೇಷಾಂಕಗಳಿಗೆ ಬಹಳ ಮುಂಚಿತವಾಗಿ ಕಳಿಸಬೇಕು, ಮೂಲಪ್ರತಿಯನ್ನು ಕೈಬಿಡಬಾರದು ಎಂಬ ಮಾತುಗಳು ಬಂದವು. ಆದರೆ ಹೊಸಬರು ಹೆಚ್ಚು ಎಡವುವ ಅಕ್ಷರಶೈಲಿಯ ಸಮಸ್ಯೆಯ ಬಗ್ಗೆ ಏನೂ ಹೇಳಲಿಲ್ಲ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಥೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ನನ್ನ ಒಂದು ಕಥೆ ಹಾಗೆಯೇ ಹೋಗಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಈಗಿನ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿನಲ್ಲಿ ಟೈಪ್ ಮಾಡಿ ಎಂಬ ಒಂದು ವಾಕ್ಯ, ಅದನ್ನು ಮಾಡುವ ಬಗೆಯನ್ನು ತೋರಿಸಲು ಹತ್ತು ನಿಮಿಷ ಸಾಕಾಗಿತ್ತು.

ಇನ್ನೊಂದು ಕೊರತೆ, ಎರಡನೆಯ ಕರಡಿನ ಮೇಲಿನ ಬರವಣಿಗೆಯ ಅಭಿಪ್ರಾಯಕ್ಕೆ ಸಂಬಂಧಿಸಿದ್ದು. ಹತ್ತು ದಿನಗಳಲ್ಲಿ ಕೊಡುತ್ತೇವೆ ಎಂದವರು ನನಗೆ ಕೊಟ್ಟದ್ದು ಐದು ವಾರಗಳ ಮೇಲೆ, ಅದೂ ಎರಡೇ ಸಾಲು. ಮೇಡಂ ಒಬ್ಬರೇ 14 ಕಥೆಗಳನ್ನು ಎರಡೆರಡು ಬಾರಿ ಓದಬೇಕಾಗಿತ್ತು ಎಂಬುದನ್ನು ನಾನು ಬಲ್ಲೆ. ಆದ್ದರಿಂದಲೇ ಮುಂದಿನ ತಂಡವನ್ನು ಎಂಟು ಮಂದಿಗೆ ಸೀಮಿತಗೊಳಿಸಬೇಕು ಎಂದು ಆಯೋಜಕರಿಗೆ ತಿಳಿಸಿದ್ದೇನೆ. ಶುಲ್ಕವನ್ನು ಸ್ವಲ್ಪ ಹೆಚ್ಚಿಸಿದರೂ ಅದು ನ್ಯಾಯವೇ. ನಮ್ಮ ತಂಡದಲ್ಲಿ ಸಂಕೋಚದ ಸ್ವಭಾವದ ಮೂವರಿಗೆ ಆರು ವಾರಗಳಲ್ಲಿ ಒಂದು ಬಾರಿಯೂ ತಮ್ಮ ಕಥೆಯನ್ನು ಓದುವ ಅವಕಾಶ ಸಿಗಲಿಲ್ಲ, ಅದು ನನಗೆ ನೋವಿನ ಸಂಗತಿ.

ಈಗಾಗಲೇ ಒಂದೆರಡು ಕಥೆ ಬರೆದು, ಅವು ಯಾಕೆ ಪ್ರಕಟವಾಗುತ್ತಿಲ್ಲ ಎಂದು ತಿಳಿಯದೆ ಕೂತವರು ಖಂಡಿತ ಸೇರಬಹುದು. ಒಂದೂ ಬರೆಯದವರಿಗೆ ಮೊದಲ ದಿನದ ಗೆರೆಯೆಳೆಯುವ ಪಾಠದಿಂದ ಪ್ರಯೋಜನವಾಗದು, ಅವರು ಒಂದು ಕಥೆಯನ್ನಾದರೂ ಬರೆದುಕೊಂಡೇ ಬರಬೇಕು. ಮಂಡ್ಯ, ಮದ್ದೂರು ಕಡೆಯಿಂದ ಬರುವವರು ಹತ್ತು ಗಂಟೆಗೆ ಮುಂಚೆಯೇ ಮೈಸೂರು ಮುಟ್ಟುವ ರೈಲನ್ನು ಹಿಡಿಯಿರಿ, ತಡವಾಗಿ ಬಂದವರಿಗಾಗಿ ಮೇಡಂ ಪಾಠವನ್ನು ಮತ್ತೆ ಹೇಳುವುದಿಲ್ಲ. ಕಥೆಯ ಎರಡು ಪ್ರತಿಗಳಿರಲಿ, ಕಾಗದದ ಒಂದೇ ಬದಿಯಲ್ಲಿ, ಸಾಲುಗಳ ನಡುವೆ ಪೆನ್ಸಿಲ್ ಓಡಾಡುವಷ್ಟು ಜಾಗ ಬಿಟ್ಟು ಬರೆದಿರಲಿ.