ಪ್ರಾಗ್‌ನ ಬಿಯರ್ ಪಬ್‌ಗಳು: ಮಾರ್ಗದರ್ಶಕರೊಂದಿಗೋ, ನಾವೇ ಹೋಗುವುದೋ?

ಪ್ರಾಗ್‌ನ ಹಳೆಯ ಬಿಯರ್ ಪಬ್‌ಗಳನ್ನು ನೋಡಬಯಸುವವರಿಗೆ ಎರಡು ದಾರಿಗಳಿವೆ: ಮಾರ್ಗದರ್ಶಕರೊಂದಿಗೆ ನಡೆದು ಒಂದೇ ಸಂಜೆಯಲ್ಲಿ ಹಲವು ಪಬ್‌ಗಳನ್ನು ಸುತ್ತುವುದು, ಇಲ್ಲವೇ ಒಂದೆರಡನ್ನು ತಾವೇ ಆರಿಸಿಕೊಂಡು ನಿಧಾನವಾಗಿ ಕೂರುವುದು.

ಮೊದಲ ಬಾರಿ ಹೋಗುವವರಿಗೆ ಮಾರ್ಗದರ್ಶಕರು ನಿಜಕ್ಕೂ ನೆರವಾಗುವುದು ಅಲ್ಲಿನ ರೀತಿ ರಿವಾಜುಗಳ ವಿಷಯದಲ್ಲಿ. ಸಾಂಪ್ರದಾಯಿಕ ಪಬ್‌ನಲ್ಲಿ ಪರಿಚಾರಕರು ಮೇಜಿನ ಮೇಲಿನ ಚೀಟಿಯಲ್ಲಿ ಪ್ರತಿ ಲೋಟಕ್ಕೊಂದು ಗೆರೆ ಎಳೆಯುತ್ತಾರೆ. ಲೋಟ ಬರಿದಾಗುತ್ತಿದ್ದಂತೆ ಕೇಳದೆಯೇ ಇನ್ನೊಂದನ್ನು ತಂದಿಡುವುದೂ ಉಂಟು, ಸಾಕೆನ್ನುವವರು ಲೋಟದ ಮೇಲೆ ರಟ್ಟಿನ ಕೋಸ್ಟರ್ ಇಡಬೇಕು. ಒಂದೇ ಬಿಯರನ್ನು ದಟ್ಟ ನೊರೆಯ ‘ಹ್ಲಾದಿಂಕಾ’ ಆಗಿಯೂ ಬಹುಪಾಲು ನೊರೆಯೇ ಆಗಿರುವ ‘ಮ್ಲೀಕೊ’ ಆಗಿಯೂ ಸುರಿಯುತ್ತಾರೆ. ಈ ವ್ಯತ್ಯಾಸವನ್ನು ಬಲ್ಲವರು ಪಕ್ಕದಲ್ಲಿದ್ದು ತಿಳಿಸಿದರೆ ಬಹಳ ಚೆನ್ನ.

ಆದರೆ ಗುಂಪಿನಲ್ಲಿ ಹೋದರೆ ಕೆಲವು ಬಾಗಿಲುಗಳು ತೆರೆಯುವುದು ಕಷ್ಟ. 1994ರಲ್ಲಿ ಆಗಿನ ಚೆಕ್ ಅಧ್ಯಕ್ಷ ವಾಟ್ಸ್ಲಾವ್ ಹಾವೆಲ್ ಅವರು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರನ್ನು ಕರೆದೊಯ್ದಿದ್ದ, ಹುಸೋವಾ ಬೀದಿಯ ‘ಉ ಜ್ಲತೇಹೊ ತಿಗ್ರಾ’ ಪಬ್ ಚಿಕ್ಕದು. ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಒಬ್ಬಿಬ್ಬರಿಗೆ ಜಾಗ ಸಿಕ್ಕೀತು, ಹತ್ತು ಜನರಿಗಂತೂ ಅಲ್ಲ. 1499ರ ಇತಿಹಾಸವುಳ್ಳ ‘ಉ ಫ್ಲೆಕೂ’ ವಿಶಾಲವಾಗಿದ್ದು, ಅಲ್ಲೇ ತಯಾರಾಗುವ ಕಪ್ಪು ಲಾಗರ್ ಬಿಯರ್ ಸವಿಯಲು ಯಾರ ಸಹಾಯವೂ ಬೇಕಿಲ್ಲ. ಸಸ್ಯಾಹಾರಿಗಳಿಗೆ ಎರಡು ದಾರಿಯಲ್ಲೂ ಸಾಮಾನ್ಯವಾಗಿ ಸಿಗುವುದು ಕರಿದ ಚೀಸ್ ಅಥವಾ ಎಣ್ಣೆಯಲ್ಲಿ ನೆನೆಸಿದ ಹೆರ್ಮೆಲೀನ್ ಚೀಸ್.

ಒಂದೇ ಸಂಜೆ ಇರುವವರಿಗೆ ಮಾರ್ಗದರ್ಶಿತ ನಡಿಗೆಯೇ ಸರಿ. ಮೂರ್ನಾಲ್ಕು ದಿನ ತಂಗುವವರು ಸ್ವತಃ ಹೋಗುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನಡಿಗೆಯನ್ನು ಕಾಯ್ದಿರಿಸುವ ಮುನ್ನ ಶುಲ್ಕದಲ್ಲಿ ಬಿಯರ್ ಸೇರಿದೆಯೇ, ಗುಂಪು ಎಷ್ಟು ದೊಡ್ಡದು ಎಂಬುದನ್ನು ಕೇಳಿಕೊಳ್ಳಬೇಕು.